ಮೂಲೆ ತಿರುಗಿದ ‘ವಿಲ್ಲ’

ಗೋಡೆ ಎರಡಕ್ಷರದಷ್ಟು ಗಿಡ್ಡವಾಗಿತ್ತು. ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಇಷ್ಟೇ.

ಪೇಂಟರನ ಪ್ರಕಾರ ತಪ್ಪು ಗೋಡೆಯದು. ಬೀದಿಯವರ ಪ್ರಕಾರ ತಪ್ಪು ಪೇಂಟರನದು, ಮತ್ತು ಇದೇ ಮೊದಲೇನಲ್ಲ. ‘ದೊಡ್ಡಕ್ಷರ’ ಎಂಬ ಅಡ್ಡಹೆಸರು ಅವನಿಗೆ ಸುಮ್ಮನೆ ಬಂದಿರಲಿಲ್ಲ. ಎಂಥ ಬೋರ್ಡು ಕೊಟ್ಟರೂ ಮೊದಲಿನ ಅಕ್ಷರಗಳನ್ನು ಊಟಕ್ಕೆ ಬಂದ ಬೀಗರ ಹಾಗೆ ಕೈಕಾಲು ಚಾಚಿಸಿ ಕೂರಿಸುತ್ತಿದ್ದ. ಕೊನೆಯವು ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನೇತಾಡುತ್ತಿದ್ದವು. ಹಲ್ಲಿನ ಆಸ್ಪತ್ರೆಯ ಬೋರ್ಡಿನಲ್ಲಿ ‘ತ್ರೆ’ ಒಂದು ಹುಳುಕು ಹಲ್ಲಿನಷ್ಟಿತ್ತು. ಬ್ಯಾಂಕಿನ ಗೇಟಿನ ಪಕ್ಕ ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂದು ಬರೆಯಲು ಹೋದಾಗ ‘ರದು’ ನೀರಿನ ಪೈಪಿನ ಹಿಂದೆ ಸೇರಿಕೊಂಡು, ‘ಇಲ್ಲಿ ವಾಹನ ನಿಲ್ಲಿಸಬಾ’ ಎಂಬ ಆಹ್ವಾನ ಮಾತ್ರ ಉಳಿದಿತ್ತು. ಜನ ಅಷ್ಟು ಪ್ರೀತಿಯ ಕರೆಯನ್ನು ತಳ್ಳಿಹಾಕಲಾರದೆ ಬಂದು ನಿಲ್ಲಿಸುತ್ತಿದ್ದರು.

ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದ ಸಿಸ್ಟರ್‌ಗೆ ಈ ಚರಿತ್ರೆಯೆಲ್ಲ ಗೊತ್ತಿರಲಿಲ್ಲ. ಅವರು ಒಂದು ಚೀಟಿಯಲ್ಲಿ ‘ಗರ್ಭಿಣಿಯರು ಲಸಿಕೆ ಹಾಕಿಸಿಕೊಂಡರೆ ಮಗುವಿಗೆ ಅಪಾಯವಿಲ್ಲ’ ಎಂದು ಬರೆದುಕೊಟ್ಟು, ಕೇಂದ್ರಕ್ಕೆ ಬರುವ ದೊಡ್ಡ ರಸ್ತೆಯ ಮೂಲೆಮನೆಯ ಗೋಡೆಯನ್ನು ತೋರಿಸಿದ್ದರು. ಜೊತೆಗೆ, ಅದು ಯಾವ ಲಸಿಕೆ ಎಂದು ಅವನು ಕೇಳಿದ್ದಕ್ಕೆ, ವಿವರಿಸಿಯೂ ಇದ್ದರು. “ನಾಯಿಕೆಮ್ಮಿಂದು. ದೊಡ್ಡೋರಿಗೆ ಬಂದ್ರೆ ಬರೀ ಕೆಮ್ಮು. ಎಳೆಗೂಸಿಗೆ ಬಂದ್ರೆ ಉಸಿರೇ ಸಿಕ್ಕಲ್ಲ, ನೀಲಿಗಟ್ಟುತ್ತೆ. ಹುಟ್ಟಿದ ತಕ್ಷಣ ಆ ಮಗುಗೆ ಸೂಜಿ ಹಾಕೋ ಹಾಗಿಲ್ಲ. ಅದಕ್ಕೇ ತಾಯಿಗೆ ಮೊದಲೇ ಹಾಕೋದು. ಏಳನೇ ತಿಂಗಳು ಒಳ್ಳೇ ಸಮಯ.”

ಪೇಂಟರನ ಹೆಂಡತಿಗೆ ಏಳನೇ ತಿಂಗಳು. ಅವತ್ತಿನಿಂದ ಅವನು ನೀಲಿ ಬಣ್ಣದ ಡಬ್ಬಿಯನ್ನೇ ಮುಟ್ಟುತ್ತಿರಲಿಲ್ಲ. ಆದ್ದರಿಂದ ಗೋಡೆಯನ್ನು ಕೆಂಪಿನಲ್ಲಿ ಬರೆದ.

‘ಗರ್ಭಿಣಿಯರು’ ತುಂಬು ಬಸುರಿಯರಷ್ಟೇ ಅಗಲವಾಗಿ ಬಂದರು. ‘ಲಸಿಕೆ’ ಆರಾಮಾಗಿ ಕೂತಿತು. ‘ಮಗುವಿಗೆ’ ಬರುವಾಗಲೇ ಪೇಂಟರನಿಗೆ ಸಣ್ಣ ಅನುಮಾನ ಶುರುವಾಗಿತ್ತು. ‘ಅಪಾಯ’ದ ‘ಯ’ ಮುಗಿಯುವುದಕ್ಕೂ ಗೋಡೆ ಮುಗಿಯುವುದಕ್ಕೂ ಸರಿಹೋಯಿತು. ಅವನೇನೂ ಎದೆಗುಂದಲಿಲ್ಲ. ಏಣಿ ಹೆಗಲಿಗೇರಿಸಿ ಮೂಲೆ ತಿರುಗಿ, ಓಣಿಯ ಕಡೆಗಿದ್ದ ಅದೇ ಮನೆಯ ಗೋಡೆಯ ಮೇಲೆ, ಗೇಟಿನ ಪಕ್ಕದಲ್ಲಿ ‘ವಿಲ್ಲ’ ಎಂದು ಬರೆದು ಕೈ ತೊಳೆದುಕೊಂಡ. ಓದುವವರು ನಾಲ್ಕು ಹೆಜ್ಜೆ ನಡೆಯಲಾರರೇ ಎಂದುಕೊಂಡ.

ಯಾರೂ ನಡೆಯಲಿಲ್ಲ. ಕೇಂದ್ರದ ಬಾಗಿಲು ಓಣಿಗಿಂತ ಮುಂಚೆಯೇ ಸಿಗುತ್ತಿತ್ತು.

ಲಸಿಕೆಯ ದಿನ ಬೆಳಿಗ್ಗೆ ಹೆಂಡತಿ ಹಾಲು ತಂದವಳೇ ಪಾತ್ರೆಯನ್ನು ಕುಕ್ಕಿ ಹೇಳಿದಳು: “ನಾನು ಹೋಗಲ್ಲ.”

“ಯಾಕೆ? ನಿನ್ನೆ ಹೂಂ ಅಂದಿದ್ದೆಯಲ್ಲ?”

“ಗೋಡೆ ಮೇಲೆ ಬರ್ದಿದೆಯಂತೆ, ಲಸಿಕೆ ಹಾಕಿಸಿಕೊಂಡರೆ ಮಗುವಿಗೆ ಅಪಾಯ ಅಂತ. ಟೈಲರಕ್ಕ ಕಣ್ಣಾರೆ ನೋಡ್ಕೊಂಡು ಬಂದಿದಾರೆ.”

“ಅದನ್ನ ಬರ್ದಿದ್ದು ನಾನೇ ಕಣೆ!”

“ಹಾಗಾದ್ರೆ ಗೊತ್ತಿದ್ದೂ ಗೊತ್ತಿದ್ದೂ ನನ್ನ ಕಳಿಸ್ತಿದೀರಾ?”

ಪೇಂಟರ್ ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯಲ್ಲಿ ಟೈಲರಕ್ಕನ ಮುಖ ಮೂಡಿತು. ಪಕ್ಕದ ಮನೆ, ಒಂದೇ ಗೋಡೆ. ಆಕೆಯ ಹೊಲಿಗೆ ಯಂತ್ರ ನಿಂತಿತೆಂದರೆ ಕಿವಿ ಕೆಲಸ ಶುರುಮಾಡಿದೆ ಎಂದೇ ಅರ್ಥ. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ, ಐದು ತಿಂಗಳ ಹೊಟ್ಟೆ.

“ನಾನು ಯಾರ ಮನೆ ವಿಷಯಕ್ಕೂ ಬರೋಳಲ್ಲಪ್ಪ,” ಎಂದು ಗುಂಡುಸೂಜಿಗಳ ನಡುವಿನಿಂದಲೇ ಹೇಳಿದಳು. “ಆದ್ರೆ ಒಂದು ಮಾತು ಹೇಳ್ಬಿಡ್ತೀನಿ. ಆ ಸೂಜಿ ಎಡಗೈಗೆ ಚುಚ್ಚೋದು. ಎಡಗೈಗೆ ಚುಚ್ಚಿದ್ರೆ ಮಗು ಎಡಚ ಆಗುತ್ತೆ. ಇದು ಎಲ್ರಿಗೂ ಗೊತ್ತಿರೋದೇ.”

“ಎಲ್ರಿಗೂ ಅಂದ್ರೆ ಯಾರಿಗೆ?”

“ನಾನು ಹೇಳಿದೀನಲ್ಲ, ಎಲ್ರಿಗೂ.”

ಪೇಂಟರ್ ಹೆಂಡತಿಯ ಕಡೆ ತಿರುಗಿದ. “ಅಪಾಯ ಅಂತಲ್ಲ ಕಣೆ, ಅಪಾಯವಿಲ್ಲ ಅಂತ. ವಿಲ್ಲ ಆ ಕಡೆ ಇದೆ.”

“ಯಾವ ಕಡೆ?”

“ಮೂಲೆ ತಿರುಗಿದ್ರೆ.”

ಹೆಂಡತಿ ಹಾಲಿನ ಪಾತ್ರೆ ಎತ್ತಿಕೊಂಡಳು. “ಇಲ್ಲ, ಬೇಡ, ಬಾರದು, ಇವು ಮೂರೂ ಇಲ್ದೇ ನಿಮಗೆ ಒಂದು ವಾಕ್ಯ ಬರೆಯೋಕೆ ಬರಲ್ವಾ?” ಎಂದವಳೇ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಪಾತ್ರೆಗಳು ಮಾತಾಡತೊಡಗಿದವು.

ಕೇಂದ್ರದಲ್ಲಿ ಇನ್ನೊಂದು ಮುಖ ಕಾದಿತ್ತು. ಉದ್ದನೆಯ ಬೆಂಚು ಖಾಲಿ. ಮೇಜಿನ ಮೇಲೆ ಐಸಿನ ಡಬ್ಬಿ. ಅದರ ಪಕ್ಕ ಸಿಸ್ಟರ್, ಡಬ್ಬಿಗಿಂತ ತಣ್ಣಗೆ.

“ಪೇಂಟರ್ರೇ, ನಾನು ಕೊಟ್ಟ ಚೀಟೀಲಿ ಎಷ್ಟು ಪದ ಇತ್ತು?”

“ಎಲ್ಲಾನೂ ಬರ್ದಿದೀನಿ ಸಿಸ್ಟರ್. ಸ್ವಲ್ಪ... ಬಾಗಿದೆ.”

“ಬೆಳಿಗ್ಗೆ ಒಬ್ಬಳು ಗೋಡೆವರೆಗೂ ಬಂದು, ಓದಿ, ಹೊಟ್ಟೆ ಮೇಲೆ ಕೈ ಇಟ್ಕೊಂಡು ಓಡಿಹೋದ್ಲು. ನಾನು ಕಿಟಕಿಯಿಂದ ನೋಡ್ತಿದ್ದೆ.” ಅವರು ಡಬ್ಬಿಯ ಮುಚ್ಚಳ ತೆರೆದು ಒಂದು ಪುಟ್ಟ ಬಾಟಲಿ ತೋರಿಸಿದರು, ಹೆಬ್ಬೆರಳಿನಷ್ಟು. “ಇದೊಂದೇ ಕಳಿಸಿರೋದು. ಒಂದು ಸಲ ತೆಗೆದ್ರೆ ಇವತ್ತೇ ಮುಗಿಸ್ಬೇಕು, ಇಲ್ಲ ಚೆಲ್ಬೇಕು. ಒಬ್ಬರಿಗೋ ಇಬ್ಬರಿಗೋ ನಾನು ತೆಗೆಯಲ್ಲ. ಹತ್ತು ಜನ ಆಗ್ಬೇಕು. ನಾಲ್ಕು ಗಂಟೆಗೆ ಡಬ್ಬಿ ವಾಪಸ್ ಹೋಗುತ್ತೆ. ಬರದೇ ಇದ್ದಿದ್ದಕ್ಕೆ ಕಾರಣ ಬರೀಬೇಕು ನಾನು. ಏನಂತ ಬರೀಲಿ, ಗೋಡೆ ಬಾಗಿತ್ತು ಅಂತಲಾ?”

“ಹತ್ತು ಜನ ನಾನು ತರ್ತೀನಿ ಸಿಸ್ಟರ್.”

ಬಾಯಿಂದ ಮಾತು ಬಿದ್ದಾಗಿತ್ತು. ಸಿಸ್ಟರ್ ತಕ್ಷಣ ಪಟ್ಟಿ ಮುಂದೆ ಮಾಡಿದರು. ಹನ್ನೊಂದು ಹೆಸರು. ಕೊನೆಯದನ್ನು ಕಾಗದ ಸಾಲದೆ ಅಂಚಿನಲ್ಲಿ ಒತ್ತರಿಸಿ ಬರೆದಿದ್ದರು. ಅದು ಅವನ ಹೆಂಡತಿಯದು. ಇನ್ನೊಬ್ಬರ ಕೈಬರಹದಲ್ಲಿ ತನ್ನ ರೋಗ ಕಂಡು ಪೇಂಟರನಿಗೆ ಒಂಥರಾ ಸಮಾಧಾನವಾಯಿತು. ಇದು ನನ್ನ ಹೆಂಡತಿ, ಈಕೆಯೂ ಬರುವುದಿಲ್ಲ ಅಂತಿದ್ದಾಳೆ ಎಂದು ಹೇಳುವಷ್ಟು ಧೈರ್ಯ ಮಾತ್ರ ಬರಲಿಲ್ಲ. ಟೈಲರಕ್ಕನನ್ನು ಬಿಟ್ಟರೆ ಹತ್ತು. ಒಂಬತ್ತು ಜನರನ್ನು ಒಪ್ಪಿಸಿದರೆ, ಅವರನ್ನು ನೋಡಿ ಹತ್ತನೆಯವಳು ತಾನೇ ಬರುತ್ತಾಳೆ. ಲೆಕ್ಕ ಚೊಕ್ಕವಾಗಿತ್ತು. ಅವನ ಲೆಕ್ಕಗಳೆಲ್ಲ ಶುರುವಿನಲ್ಲಿ ಚೊಕ್ಕವಾಗಿಯೇ ಇರುತ್ತಿದ್ದವು.

ಮೊದಲು ಗೋಡೆ. ‘ಅಪಾಯ’ದಿಂದ ‘ವಿಲ್ಲ’ದ ಕಡೆಗೆ ಒಂದು ಉದ್ದನೆಯ ಬಾಣ ಎಳೆದುಬಿಟ್ಟರೆ ಆಯಿತು ಎಂದುಕೊಂಡು ಓಣಿಗೆ ತಿರುಗಿದವನು ಅಲ್ಲೇ ನಿಂತ. ‘ವಿಲ್ಲ’ಕ್ಕೆ ಒಂದು ಬಾಲ ಬೆಳೆದಿತ್ತು. ‘ವಿಲ್ಲಾ’.

ಗೇಟಿನೊಳಗೆ ಮನೆಯ ಯಜಮಾನರು, ರಿಟೈರ್ಡ್ ಹೆಡ್ ಕ್ಲರ್ಕು, ಕುರ್ಚಿ ಹಾಕಿಕೊಂಡು ತಮ್ಮ ಗೋಡೆಯನ್ನು ತಾವೇ ನೋಡುತ್ತ ಕೂತಿದ್ದರು.

“ಬಾರಯ್ಯ, ಬಾ. ನೀನು ಇಷ್ಟು ಒಳ್ಳೆಯವನು ಅಂತ ಗೊತ್ತಿರ್ಲಿಲ್ಲ. ಗೋಡೆ ಕೊಟ್ಟಿದ್ದಕ್ಕೆ ಮನೆಗೊಂದು ಹೆಸರು ಬರ್ದುಬಿಟ್ಟಿದೀಯ. ದೀರ್ಘ ಬಿಟ್ಟಿದ್ದೆ, ನಾನೇ ಹಾಕ್ಕೊಂಡೆ.”

“ಸಾರ್, ಅದು ಹೆಸರಲ್ಲ. ಅದು ಆ ಕಡೆಯ ಬಾಲ.”

“ಯಾರ ಬಾಲ?”

“ಅಪಾಯದ್ದು ಸಾರ್. ಅಪಾಯವಿಲ್ಲ ಅಂತ. ಒಂದು ಬಾಣ ಹಾಕ್ಬಿಟ್ರೆ ಎರಡೂ ಸೇರುತ್ತೆ.”

ಹೆಡ್ ಕ್ಲರ್ಕು ಎದ್ದು ನಿಂತರು. “ಬಾಣ ಹಾಕಿದ್ರೆ ನನ್ನ ಮನೆ ‘ಅಪಾಯ ವಿಲ್ಲಾ’ ಆಗುತ್ತಯ್ಯ! ಮೂವತ್ತು ವರ್ಷದಿಂದ ಮನೆಗೊಂದು ಹೆಸರಿಡ್ಬೇಕು ಅಂತಿದ್ದೆ. ಮಗಳಿಗೆ ಫೋಟೋ ಕಳ್ಸಿಯಾಯ್ತು, ಪೋಸ್ಟ್‌ಮ್ಯಾನ್‌ಗೆ ಹೇಳಿಯಾಯ್ತು. ಈ ಕಡೆ ಗೋಡೆ ಮುಟ್ಟಿದ್ರೆ ನೋಡು. ಆ ಕಡೆ ನಿನ್ನ ಗರ್ಭಿಣಿಯರನ್ನ ಏನು ಬೇಕಾದ್ರೂ ಮಾಡ್ಕೊ.”

ಆ ಕಡೆ ಮಾಡಲು ಉಳಿದದ್ದು ಒಂದೇ. ‘ಅಪಾಯ’ದ ಮೇಲೆ ಬಿಳಿ ಹೊಡೆದು, ಒಣಗಿದ ಮೇಲೆ ಅದೇ ಜಾಗದಲ್ಲಿ ಬೇರೆ ಏನಾದರೂ ಬರೆಯುವುದು. ಹೊಡೆದ. ಒಣಗಲಿ ಎಂದು ಏಣಿಯ ಮೇಲೇ ಕೂತ.

ಈಗ ಗೋಡೆ ‘ಗರ್ಭಿಣಿಯರು ಲಸಿಕೆ ಹಾಕಿಸಿಕೊಂಡರೆ ಮಗುವಿಗೆ’ ಎಂದು ಹೇಳಿ ಬಾಯಿ ಮುಚ್ಚಿಕೊಂಡಿತ್ತು.

ಹತ್ತು ನಿಮಿಷದಲ್ಲಿ ಕೆಳಗೆ ಹತ್ತು ಜನ ಸೇರಿದರು.

“ಮಗುವಿಗೆ? ಮಗುವಿಗೆ ಏನು?”

“ಬರ್ದಿತ್ತು, ನಾನೇ ನೋಡಿದೀನಿ. ಈಗ ಅಳಿಸಿಬಿಟ್ಟಿದಾರೆ.”

“ಅಪಾಯ ಅಂತಿದ್ದಿದ್ದು ಅಪಾಯ ಅಂತಾದ್ರೂ ಇತ್ತು. ಈಗ ಏನಿದೆಯೋ ಏನೋ!”

“ಹೇಳೋಕೇ ಆಗದಂಥದ್ದು ಇರ್ಬೇಕು.”

“ಏನಿಲ್ಲಮ್ಮ, ಒಣಗ್ತಾ ಇದೆ ಅಷ್ಟೇ,” ಎಂದು ಪೇಂಟರ್ ಏಣಿಯ ಮೇಲಿಂದ ಕೂಗಿದ.

“ಒಣಗುತ್ತಂತೆ! ಮಗು ಒಣಗುತ್ತಂತೆ!”

ಪೇಂಟರ್ ಹೆದರಿ, ಬಿಳಿ ಒಣಗುವ ಮೊದಲೇ ಬ್ರಶ್ ಅದ್ದಿ ‘ಏನೂ ಆಗಲ್ಲ’ ಎಂದು ಬರೆದ. ಬಣ್ಣ ಸ್ವಲ್ಪ ಇಳಿದರೂ ಓದಲು ಬರುತ್ತಿತ್ತು. ಗುಂಪು ಓದಿತು. ಯೋಚಿಸಿತು.

“ಏನೂ ಆಗಲ್ಲ ಅಂದ್ರೆ ಪ್ರಯೋಜನಾನೇ ಇಲ್ಲ ಅಂತ ತಾನೆ?”

“ಮತ್ಯಾಕೆ ಚುಚ್ಚಿಸ್ಕೋಬೇಕು?”

“ಇವರೇ ಒಪ್ಕೊಂಡ್ರು ನೋಡಿ.”

ಗುಂಪು ಇನ್ನೊಬ್ಬರಿಗೆ ಹೇಳುವ ಅವಸರದಲ್ಲಿ ಚದುರಿತು. ಪೇಂಟರ್ ಏಣಿಯ ಮೇಲೆ ಒಬ್ಬನೇ ಉಳಿದ. ಆಗ ಅಡುಗೆಮನೆಯ ಬಾಗಿಲು ಹಾಕುವ ಮುಂಚೆ ಹೆಂಡತಿ ಆಡಿದ ಮಾತು ನೆನಪಾಯಿತು. ಇಲ್ಲ, ಬೇಡ, ಬಾರದು ಇವು ಮೂರೂ ಇಲ್ಲದ ವಾಕ್ಯ. ಅವನು ಮತ್ತೆ ಬಿಳಿ ಹೊಡೆದ. ಈ ಸಲ ಹಳೆಯ ಪೇಪರಿನಿಂದ ಬೀಸಿ ಬೀಸಿ ಪೂರ್ತಿ ಒಣಗಿಸಿದ. ಆಮೇಲೆ ಎರಡೇ ಅಕ್ಷರ ಬರೆದ: ‘ಕ್ಷೇಮ’.

ಗರ್ಭಿಣಿಯರು ಲಸಿಕೆ ಹಾಕಿಸಿಕೊಂಡರೆ ಮಗುವಿಗೆ ಕ್ಷೇಮ. ಎಷ್ಟು ಸುಲಭವಿತ್ತು! ಹದಿನೈದು ವರ್ಷದ ಕಸುಬಿನಲ್ಲಿ ಮೊದಲ ಸಲ ಗೋಡೆಯ ಕೊನೆಯಲ್ಲಿ ಒಂದು ಗೇಣು ಜಾಗ ಉಳಿದಿತ್ತು. ಅಷ್ಟು ಜಾಗವನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಒಂದು ಹೂವು ಬರೆದ.

ಆದರೆ ಹಾರಿಹೋದ ಮಾತನ್ನು ಹೂವು ವಾಪಸು ಕರೆಯುವುದಿಲ್ಲ. ಪಟ್ಟಿ ಹಿಡಿದು ಮನೆಮನೆಗೆ ಹೋಗಲೇಬೇಕಾಯಿತು. ಏಣಿಯನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಹೆಗಲ ಮೇಲೇ ಹೊತ್ತುಕೊಂಡ.

ಇಸ್ತ್ರಿ ಅಂಗಡಿಯಾಕೆ ಪೆಟ್ಟಿಗೆ ಕೆಳಗಿಡದೆ ಕೇಳಿದಳು: “ಅದು ಹಾಕಿಸ್ಕೊಂಡ್ರೆ ಕೈ ಬಿದ್ದುಹೋಗುತ್ತಂತೆ?”

“ಸುಳ್ಳು. ಒಂದು ದಿನ ಕೈ ನೋಯಬಹುದು, ಮೈ ಸ್ವಲ್ಪ ಬೆಚ್ಚಗಾಗಬಹುದು ಅಂತ ಸಿಸ್ಟರ್ರೇ ಹೇಳಿದಾರೆ.”

“ಒಂದು ದಿನ ಮಲಗಿರ್ಬಹುದಾ?”

“ಬೇಕಾದ್ರೆ ಮಲಗಿ.”

“ಅದನ್ನ ನಮ್ಮೆಜಮಾನ್ರಿಗೆ ಜೋರಾಗಿ ಹೇಳಿ,” ಎಂದು ಆಕೆ ಪೆಟ್ಟಿಗೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಒಂದು.

ಬಸ್ಸಿನ ಕಂಡಕ್ಟರಮ್ಮನಿಗೆ ಅವತ್ತು ರಜ. “ಬೀದಿಯವರು ಹೇಳಿದ್ದನ್ನೆಲ್ಲ ಕೇಳ್ತಾ ಕೂತಿದ್ರೆ ನನ್ನ ಬಸ್ಸು ಇವತ್ತಿಗೂ ಡಿಪೋ ಬಿಡ್ತಿರ್ಲಿಲ್ಲ,” ಎಂದು ಚಪ್ಪಲಿ ಮೆಟ್ಟಿ, ರೂಢಿಯಂತೆ ಸೀಟಿಯನ್ನೂ ತೆಗೆದುಕೊಂಡಳು. ಎರಡು.

ಮೂರು ಮತ್ತು ನಾಲ್ಕು ಒಂದೇ ಮನೆಯಲ್ಲಿದ್ದವು. ವಾರಗಿತ್ತಿಯರು. ಅಕ್ಕ ಹೋಗಲಿ ಆಮೇಲೆ ನಾನು ಎಂದು ಕಿರಿಯವಳು, ಚಿಕ್ಕವಳು ಹೋಗಲಿ ಆಮೇಲೆ ನಾನು ಎಂದು ಹಿರಿಯವಳು. ನಡುವೆ ಮಂಚದ ಮೇಲೆ ಅತ್ತೆ.

“ಯಾರೂ ಹೋಗಲ್ಲ,” ಎಂದಳು ಅತ್ತೆ. “ನಾನು ಐದು ಹೆತ್ತಿದೀನಿ. ಯಾವ ಸೂಜಿ ಚುಚ್ಚಿಸ್ಕೊಂಡಿದ್ದೆ?”

ಪೇಂಟರ್ ಹೆಗಲು ಬದಲಿಸಿದ. ಏಣಿ ಭಾರವಾಗಿತ್ತು. ಸುಮ್ಮನೆ ಮಾತಿಗೆಂದು ಕೇಳಿದ: “ಐದೂ ಜನ ಈಗ ಎಲ್ಲೆಲ್ಲಿದಾರೆ ಅಜ್ಜಿ?”

ಮುದುಕಿ ಬೆರಳು ಮಡಚತೊಡಗಿದಳು. ಇಬ್ಬರು ಇದೇ ಮನೆಯಲ್ಲಿ. ಒಬ್ಬಳು ಮದುವೆಯಾಗಿ ಹೋಗಿದ್ದಾಳೆ. ಇನ್ನೊಬ್ಬ ಲಾರಿ ಓಡಿಸುತ್ತಾನೆ. ಐದನೇ ಬೆರಳಿನ ಹತ್ತಿರ ಕೈ ನಿಂತಿತು.

“ಒಂದು ಇಪ್ಪತ್ತು ದಿನಕ್ಕೇ ಹೋಯ್ತು,” ಎಂದಳು. “ಕೆಮ್ಮು. ಕೆಮ್ಮಿ ಕೆಮ್ಮಿ...” ಮಡಚದೆ ಉಳಿದ ಬೆರಳನ್ನು ನೋಡುತ್ತಿದ್ದಳು. ಸೊಸೆಯರು ಈ ಮಾತನ್ನು ಮೊದಲ ಸಲ ಕೇಳುತ್ತಿದ್ದರೆಂದು ಕಾಣುತ್ತದೆ. ಇಬ್ಬರೂ ಗೋಡೆ ಹಿಡಿದುಕೊಂಡು ನಿಂತಿದ್ದರು.

“ಏನ್ರೇ ನೋಡ್ತಾ ನಿಂತಿದೀರಿ?” ಎಂದು ಮುದುಕಿ ಒಮ್ಮೆಲೇ ಗದರಿದಳು. “ಚಪ್ಪಲಿ ಹಾಕ್ಕೊಳ್ರೇ ಇಬ್ರೂ. ಈ ಮನುಷ್ಯ ಏಣಿ ಹೊತ್ಕೊಂಡು ಎಷ್ಟೊತ್ತು ನಿಂತಿರ್ಬೇಕು?”

ಅಲ್ಲಿಂದ ಮುಂದೆ ಪೇಂಟರನಿಗೆ ಹೆಚ್ಚು ಕೆಲಸವಿರಲಿಲ್ಲ. ಮುದುಕಿ ಮುಂದೆ ನಡೆದು ಬಾಗಿಲು ಬಡಿಯುತ್ತಿದ್ದಳು, ಕಂಡಕ್ಟರಮ್ಮ ಹಿಂದಿನಿಂದ ಸೀಟಿ ಊದಿ “ಮುಂದೆ ನಡೀರಿ, ಮುಂದೆ ನಡೀರಿ, ನಡುವೆ ಜಾಗ ಇದೆ” ಎನ್ನುತ್ತಿದ್ದಳು. ಸ್ಕೂಲಿನ ಟೀಚರು ತಮ್ಮ ಫೋನಿನಲ್ಲಿ ಬಂದಿದ್ದ ಒಂದು ಉದ್ದನೆಯ ಎಚ್ಚರಿಕೆಯನ್ನು ಓದಿ ಹೇಳಲು ಹೊರಟಾಗ ಮುದುಕಿ, “ಅದನ್ನ ಬರ್ದೋನು ಎಷ್ಟು ಹೆತ್ತಿದಾನೆ?” ಎಂದಳು. ಟೀಚರು ಫೋನನ್ನು ಬ್ಯಾಗಿಗೆ ಹಾಕಿಕೊಂಡರು. ಐದು. ಆಮೇಲೆ ಆರು, ಏಳು, ಎಂಟು, ಒಂಬತ್ತು. ಬೀದಿಯ ಗಂಡಸರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಂಬತ್ತು ಹೊಟ್ಟೆಗಳು, ಒಂದು ಸೀಟಿ, ಒಂದು ಏಣಿ.

ಗೇಟಿನ ಬಳಿ ಸಿಸ್ಟರ್ ಎಣಿಸುತ್ತಾ ನಿಂತರು. ಗಂಡಸರಿಗೆ ಪರದೆಯಾಚೆ ಪ್ರವೇಶವಿರಲಿಲ್ಲ. ಪೇಂಟರ್ ವರಾಂಡದಲ್ಲೇ ಏಣಿ ಒರಗಿಸಿದ.

“ಒಂಬತ್ತು ಇದಾರೆ ನಿಮ್ಮೋರು.”

“ಹತ್ತನೆಯೋರನ್ನ ಐದು ನಿಮಿಷದಲ್ಲಿ ತರ್ತೀನಿ ಸಿಸ್ಟರ್, ಮನೆ ಇಲ್ಲೇ,” ಎಂದು ಅವನು ಉತ್ತರಕ್ಕೂ ಕಾಯದೆ ಓಡಿದ. ಗಂಟೆ ಮೂರೂಕಾಲು.

ಮನೆಗೆ ಬೀಗ ಹಾಕಿತ್ತು.

ಹೆಂಡತಿಯ ಫೋನಿಗೆ ಕರೆ ಮಾಡಿದ. ಅದು ಬೀಗದ ಆಚೆ, ಒಳಗೆ, ಅಡುಗೆಮನೆಯಲ್ಲಿ ಬಾರಿಸಿತು.

“ಹೋಗಿ ಬಹಳ ಹೊತ್ತಾಯ್ತು,” ಎಂದಳು ಟೈಲರಕ್ಕ ಕಿಟಕಿಯಿಂದ. “ಎಲ್ಲಿಗೆ ಅಂತ ನನಗೆ ಹೇಳ್ಲಿಲ್ಲ. ನನಗೇ ಹೇಳ್ಲಿಲ್ಲ ಅಂದ್ಮೇಲೆ ಸಣ್ಣ ವಿಷಯ ಇರ್ಲಾರದು. ಮುಖ ಮಾತ್ರ ತವರಿಗೆ ಹೋಗೋರ ಹಾಗಿತ್ತು.”

ಪೇಂಟರ್ ಮೆಟ್ಟಿಲ ಮೇಲೆ ಕುಸಿದ. ಹತ್ತು ಜನ ಆಗದಿದ್ದರೆ ಬಾಟಲಿ ತೆಗೆಯುವುದಿಲ್ಲ. ಬಾಟಲಿ ತೆಗೆಯದಿದ್ದರೆ ಆ ಒಂಬತ್ತು ಜನ ಎದ್ದು ಮನೆಗೆ ಹೋಗುತ್ತಾರೆ, ಮುದುಕಿ ಮತ್ತೆ ಮಂಚದ ಮೇಲೆ ಕೂರುತ್ತಾಳೆ. ಬಾಟಲಿ ಒಮ್ಮೆ ತೆರೆದರೆ ಮಾತ್ರ, ಹೆಂಡತಿಯನ್ನು ಎಲ್ಲಿಂದಾದರೂ ಹುಡುಕಿ ತಂದು ನಾಲ್ಕರೊಳಗೆ ಕೂರಿಸಬಹುದು. ಮೊದಲು ಅದು ತೆರೆಯಬೇಕು. ಅವನು ತಲೆಯೆತ್ತಿ ಕಿಟಕಿಯ ಕಡೆ ನೋಡಿದ.

“ಅಕ್ಕ, ನೀವು ಬರ್ತೀರಾ?”

ಗುಂಡುಸೂಜಿಗಳು ಅಲುಗಿದವು. “ನಾನಾ? ಊರಿಗೆಲ್ಲ ಬೇಡ ಅಂತ ಹೇಳಿದೋಳು ನಾನೇ ಹೋಗಿ ಚುಚ್ಚಿಸ್ಕೊಂಡು ಬರ್ಲಾ? ಮತ್ತೆ ನನ್ನ ಮಗು ಎಡಚ ಆದ್ರೆ? ನನ್ನ ಕತ್ತರಿಗಳ ನೋಡು. ಆರು ಕತ್ತರಿ ಇದೆ, ಆರೂ ಬಲಗೈಯವೇ. ಈ ಕಸುಬು ನನ್ನ ಮಗಳಿಗೇ ಬರ್ಬೇಕು ಅಂತ ಆಸೆ ನಂಗೆ. ಎಡಗೈಯಲ್ಲಿ ಈ ಕತ್ತರಿ ಹಿಡಿದ್ರೆ ಬಟ್ಟೆ ಹರಿಯಲ್ಲ, ಕಚ್ಚುತ್ತೆ.”

ಆಕೆಯ ದನಿಯಲ್ಲಿ ಅಷ್ಟು ಹೊತ್ತಿನ ಕೊಂಕು ಇರಲಿಲ್ಲ. ಬೀದಿಯನ್ನೆಲ್ಲ ಹೆದರಿಸಿದವಳು ಎಲ್ಲರಿಗಿಂತ ಹೆಚ್ಚು ಹೆದರಿದ್ದಳು.

“ಹಾಗಾದ್ರೆ ಬಲಗೈಗೆ ಹಾಕಿಸ್ಕೊಳಿ ಅಕ್ಕ.”

ಟೈಲರಕ್ಕ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. “ಬಲಗೈಗೂ ಹಾಕ್ತಾರಾ?”

“ಯಾವ ಕೈ ಚಾಚ್ತೀರೋ ಆ ಕೈಗೆ.”

“ಇದನ್ನ ಯಾರೂ ಹೇಳೇ ಇಲ್ವಲ್ಲಪ್ಪ! ಮೊದಲೇ ಹೇಳಿದ್ರೆ ನಾನೇ ಎಲ್ರನ್ನೂ ಕರ್ಕೊಂಡು ಹೋಗ್ತಿದ್ದೆ.”

ಅಳತೆ ಟೇಪು ಕೊರಳಲ್ಲೇ ಇತ್ತು. ಪೇಂಟರ್ ಆಕೆಯನ್ನು ಸೈಕಲ್ಲಿನ ಹಿಂದೆ ಕೂರಿಸಿ, ಮೊಟ್ಟೆಯ ಬುಟ್ಟಿ ಸಾಗಿಸುವವನ ಹಾಗೆ ತಳ್ಳಿಕೊಂಡು ಹೋಗಿ ಗೇಟಿನಲ್ಲಿ ಇಳಿಸಿದ.

“ಹತ್ತಾಯ್ತು ಸಿಸ್ಟರ್!” ಎಂದು ವರಾಂಡದಿಂದ ಕೂಗಿದ.

“ಹತ್ತಾಯ್ತಾ? ಎಣಿಸಿದೀರಾ?” ಎಂದು ಪರದೆಯಾಚೆಯಿಂದ ಸಿಸ್ಟರ್.

“ನನ್ನ ಕೈಯಾರೆ!”

ಒಳಗೆ ಬಾಟಲಿಯ ಮುಚ್ಚಳ ‘ಟಕ್’ ಎಂದದ್ದು ಅವನಿಗೆ ಕೇಳಿಸಿತು. ಆ ದಿನ ಕೇಳಿದ ಶಬ್ದಗಳಲ್ಲೆಲ್ಲ ಅದೇ ಇಂಪಾಗಿತ್ತು. ಸೈಕಲ್ ತಿರುಗಿಸಿ ಬಸ್ ನಿಲ್ದಾಣಕ್ಕೆ ಹಾರಿದ. ಹೆಂಡತಿಯ ತವರಿನ ಬಸ್ಸು ಹೋಗಿ ಎರಡು ಗಂಟೆಯಾಗಿತ್ತು. ಟಿಕೆಟ್ ಕೌಂಟರಿನವನಿಗೆ ಏಳು ತಿಂಗಳ ಹೊಟ್ಟೆಯನ್ನು ಕೈಯಲ್ಲಿ ಬರೆದು ತೋರಿಸಿದ. ಅಭ್ಯಾಸಬಲದಿಂದ ತೀರ ದೊಡ್ಡದಾಗಿ ಬರೆದನೆಂದು ಕಾಣುತ್ತದೆ, ಆತ “ಅಷ್ಟು ದಪ್ಪದೋರು ಯಾರೂ ಬಂದಿಲ್ಲ” ಎಂದ. ಮಾರ್ಕೆಟ್ಟು, ಪಾರ್ಕು, ಮತ್ತೆ ಮನೆ. ಬೀಗ ಹಾಗೆಯೇ ಇತ್ತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಬೆವರಿಳಿಸಿಕೊಂಡು ಕೇಂದ್ರಕ್ಕೆ ಬಂದ. ಗೇಟಿನಿಂದ ಹತ್ತು ಹೆಂಗಸರು ಹತ್ತು ಹತ್ತಿಯ ಉಂಡೆಗಳನ್ನು ತೋಳಿಗೆ ಒತ್ತಿ ಹಿಡಿದು ನಗುತ್ತ ಹೊರಬರುತ್ತಿದ್ದರು. ಒಂಬತ್ತು ಎಡತೋಳು, ಒಂದು ಬಲತೋಳು.

“ಏನೂ ನೋವಿಲ್ಲಪ್ಪ, ಇರುವೆ ಕಚ್ಚಿದ ಹಾಗೆ,” ಎಂದಳು ಟೈಲರಕ್ಕ. “ಕೊನೇದು ನಂದೇ. ಬಾಟಲಿ ಬೋರಲು ಹಾಕಿ ಎಳೆದ್ರು.”

ಆ ಮಾತಿನ ಅರ್ಥ ಪೇಂಟರನ ತಲೆಗೆ ಇಳಿಯುವ ಮೊದಲೇ ಪರದೆ ಸರಿಯಿತು. ಅವನ ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನಿಂತಿದ್ದಳು. ಎರಡು ತೋಳೂ ಖಾಲಿ.

“ನೀನು... ಇಲ್ಲಿ... ಯಾವಾಗಿಂದ?”

“ಹನ್ನೊಂದು ಗಂಟೆಯಿಂದ.”

“ಬರಲ್ಲ ಅಂದಿದ್ದೆಯಲ್ಲ!”

“ಮೂಲೆ ತಿರುಗಿದ್ರೆ ಇದೆ ಅಂದ್ರಲ್ಲ, ನೋಡೋಣ ಅಂತ ಓಣಿ ಕಡೆಯಿಂದ ಬಂದೆ. ‘ವಿಲ್ಲಾ’ ಇತ್ತು. ನಗು ಬಂತು. ನಮ್ಮ ಮದುವೆ ದಿನ ಬಾಗಿಲ ಬೋರ್ಡಲ್ಲಿ ನನ್ನ ಹೆಸರಿನ ಕೊನೇ ಅಕ್ಷರ ಕಂಬದ ಹಿಂದೆ ಇತ್ತಲ್ಲ, ಅವತ್ತಿಂದ ನೀವು ಬರ್ದಿದ್ದನ್ನ ನಾನು ಸುತ್ತು ಹಾಕೇ ಓದೋದು. ಬೆಳಿಗ್ಗೆ ಕೋಪದಲ್ಲಿ ಮರೆತಿದ್ದೆ.” ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳು. “ನೀವು ಏಣಿ ಮೇಲೆ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ರಿ. ಕರೆದೆ. ಆ ಗಲಾಟೇಲಿ ಕೇಳಿಸ್ಲಿಲ್ಲ ನಿಮಗೆ.”

“ಮತ್ತೆ ಸೂಜಿ?”

ಉತ್ತರ ಸಿಸ್ಟರ್‌ದು. ಅವರು ಪರದೆಯ ಪಕ್ಕ ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಇವರೊಬ್ರೇ ಬಂದಿದ್ರು. ಒಬ್ಬರಿಗೋಸ್ಕರ ತೆಗೆಯಕ್ಕಾಗಲ್ಲ ಅಂದೆ. ಕಾಯ್ತೀನಿ ಅಂದ್ರು. ಕಾಲು ಊದಿತ್ತು, ಒಳಗಿನ ಕೋಣೇಲಿ ಮಂಚದ ಮೇಲೆ ಮಲಗಿಸ್ದೆ. ಹತ್ತಾಯ್ತು ಅಂತ ನೀವು ಕೂಗಿದ್ರಲ್ಲ, ಇವರನ್ನೂ ಸೇರಿಸಿಯೇ ಹೇಳ್ತಿದೀರಿ ಅಂದ್ಕೊಂಡೆ. ಈಕೆ ಗಟ್ಟಿ, ಎಲ್ಲೂ ಓಡಿಹೋಗಲ್ಲ. ಮೊದಲು ಓಡಿಹೋಗೋರಿಗೆ ಹಾಕ್ಬಿಡೋಣ ಅಂತ ಕೊನೆಗೆ ಇಟ್ಟಿದ್ದೆ. ಬಾಟಲೀಲಿ ಇರೋದೇ ಹತ್ತು ಜನಕ್ಕೆ. ಹತ್ತು ಸೂಜಿ ಆದ್ಮೇಲೆ ನೋಡ್ತೀನಿ, ಇನ್ನೂ ಒಬ್ರಿದಾರೆ.” ಅವರು ಬಾಟಲಿ ಕೆಳಗಿಟ್ಟು ಅವನನ್ನು ನೋಡಿದರು. “ಇವರು ನಿಮ್ಮ ಮನೆಯೋರಾ? ಹೇಳ್ಬಾರದಾ ಬೆಳಿಗ್ಗೆನೇ?”

ಒಂಬತ್ತಕ್ಕೇ ನಿಲ್ಲಿಸಿದ್ದರೆ ಸಾಕಾಗಿತ್ತು. ಪೇಂಟರ್ ಗೇಟಿನಾಚೆ ನೋಡಿದ. ಟೈಲರಕ್ಕ ಬಲತೋಳನ್ನು ಹಿಡಿದುಕೊಂಡು ಹೆಡ್ ಕ್ಲರ್ಕಿಗೆ ಲಸಿಕೆಯ ಉಪಯೋಗಗಳನ್ನು ವಿವರಿಸುತ್ತಿದ್ದಳು.

“ಇನ್ನೊಂದು ಬಾಟಲಿ...?”

“ಬರೋ ತಿಂಗಳು ಇದೇ ದಿನ. ತೀರಾ ತಡ ಏನಿಲ್ಲ, ಆಗ್ಲೂ ಹಾಕಬಹುದು ಇವರಿಗೆ.” ಸಿಸ್ಟರ್ ಪಟ್ಟಿ ತೆಗೆದು ಹತ್ತು ಹೆಸರಿನ ಮುಂದೆ ಒಂದೊಂದೇ ಗುರುತು ಹಾಕಿದರು. ಅಂಚಿನಲ್ಲಿ ಒತ್ತರಿಸಿದ ಹನ್ನೊಂದನೆಯದು ಮಾತ್ರ ಉಳಿಯಿತು. “ಆದ್ರೆ ಹತ್ತು ಜನ ಆಗ್ಬೇಕು. ಇನ್ನೊಂಬತ್ತು ಹುಡುಕಿ. ನೀವು ಚೆನ್ನಾಗಿ ಕರ್ಕೊಂಡು ಬರ್ತೀರ.”

“ಊರಲ್ಲಿದ್ದೋರೆಲ್ಲ ಮುಗಿದುಹೋದ್ರಲ್ಲ ಸಿಸ್ಟರ್!”

“ಅದಕ್ಕೇ ಹುಡುಕಿ ಅಂದಿದ್ದು.” ಅವರು ಐಸಿನ ಡಬ್ಬಿ ಮುಚ್ಚಿ, ಗೋಡೆಯಿಂದ ಒಂದು ಸ್ಲೇಟು ಇಳಿಸಿ, ಬಳಪದ ತುಂಡಿನೊಂದಿಗೆ ಅವನ ಕೈಗೆ ಕೊಟ್ಟರು. “ಹೋಗೋಕೆ ಮುಂಚೆ ಗೇಟಿಗೆ ಇದೊಂದು ಬರ್ದು ತೂಗಾಕಿ. ಇಂದು ಲಸಿಕೆ ಇಲ್ಲ. ಪೂರ್ತಿ ಬರೀರಿ.”

ಪೇಂಟರ್ ಮೆಟ್ಟಿಲ ಮೇಲೆ ಕೂತು ಸ್ಲೇಟನ್ನು ಮೊಣಕಾಲಿಗೆ ಆನಿಸಿಕೊಂಡ. ‘ಇಂದು’ ಎಂದು ಬರೆದ. ‘ಲಸಿಕೆ’ ಎಂದು ಬರೆದ. ಕೈ ಸೋತಿದ್ದಕ್ಕೋ ಏನೋ ಅಕ್ಷರಗಳು ತಾವಾಗಿಯೇ ಚಿಕ್ಕದಾಗಿ ಬರುತ್ತಿದ್ದವು. ಅವತ್ತಿಡೀ ಒಂದು ಗೋಡೆಯ ತುದಿಯಲ್ಲಿ ಸೇರಿಸಲು ಒದ್ದಾಡಿದ ಆ ಕೊನೆಯ ಪದ ಯಾವ ತಂಟೆಯೂ ಇಲ್ಲದೆ ಬಂದು, ‘ಲಸಿಕೆ’ಯ ಪಕ್ಕದಲ್ಲಿ, ನಟ್ಟನಡುವೆ, ನೆಟ್ಟಗೆ ಕೂತುಕೊಂಡಿತು. ಆಚೆಗೆ ಇನ್ನೂ ಒಂದು ಗೇಣು ಜಾಗವಿತ್ತು.

ಹೆಂಡತಿ ಹಿಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಓದಿದಳು. ರೂಢಿಯಂತೆ ಸ್ಲೇಟನ್ನು ತಿರುಗಿಸಿ ಹಿಂಬದಿಯನ್ನೂ ಒಮ್ಮೆ ನೋಡಿದಳು.

“ಪೂರ್ತಿ ಇದೆ,” ಎಂದಳು.